ಪೂರ್ವಕ್ಕೆ ರಸ್ತೆ ಅಂತ ಬರೆದಿತ್ತು

ಯಲಹಂಕ ಉಪನಗರದಲ್ಲಿ ನಾವೊಂದು ಹಳೇ ಎಲ್‌ಐಜಿ (ಕಡಿಮೆ ಆದಾಯದ ವರ್ಗದ) ಮನೆ ಕೊಂಡೆವು. ಟೋಕನ್ ಕೊಟ್ಟಿದ್ದು 2025ರ ಮೇ ತಿಂಗಳಲ್ಲಿ, ರಿಜಿಸ್ಟ್ರೇಷನ್ ಆಗಿದ್ದು 2026ರ ಜನವರಿ ಕೊನೆಯಲ್ಲಿ. ಮೂರು ತಿಂಗಳಲ್ಲಿ ಮುಗಿಯುತ್ತದೆ ಎಂದು ಬ್ರೋಕರ್ ಹೇಳಿದ್ದರು. ಅದನ್ನು ನಂಬಿ ಬಾಡಿಗೆ ಮನೆಯ ಓನರ್‌ಗೆ ‘ಖಾಲಿ ಮಾಡ್ತೀವಿ’ ಅಂತ ಹೇಳಿಬಿಟ್ಟಿದ್ದೆವು. ಆಮೇಲೆ ಎರಡು ಸಲ ಅವರ ಕೈಕಾಲು ಹಿಡಿಯಬೇಕಾಯಿತು.

ಹೊಸ ಫ್ಲ್ಯಾಟ್ ಕೊಳ್ಳುವವರಿಗೆ ಇದು ಅಷ್ಟಾಗಿ ಬೇಡ. ಈಗಾಗಲೇ ಎರಡು ಮೂರು ಕೈ ಬದಲಾದ ಮನೆಗೆ ಹೊರಟವರು ಓದಿ. ನಾವು ಎಡವಿದ ಕಲ್ಲುಗಳು ಎಲ್ಲೆಲ್ಲಿವೆ ಅನ್ನೋದಾದರೂ ಗೊತ್ತಿರಲಿ.

ಮೊದಲು ಜಾಗದ ಬಗ್ಗೆ ಸ್ವಲ್ಪ. ಯಲಹಂಕ ಉಪನಗರ ಕರ್ನಾಟಕ ಗೃಹ ಮಂಡಳಿ ಮಾಡಿದ ಬಡಾವಣೆ. ಇಲ್ಲಿ ವಿಳಾಸದಲ್ಲೇ ಸಂಬಳ ಬರೆದಿರುತ್ತದೆ: ಇಡಬ್ಲ್ಯೂಎಸ್, ಎಲ್‌ಐಜಿ, ಎಂಐಜಿ, ಎಚ್‌ಐಜಿ, ಅಂದರೆ ಬಡವರಿಂದ ಹಿಡಿದು ಹೆಚ್ಚು ಆದಾಯದವರವರೆಗೆ. ಆಗ ಆದಾಯ ನೋಡಿ ಹಂಚಿದ ಮನೆಗಳು. ಹೆಸರು ಮಾತ್ರ ಹಾಗೇ ಉಳಿದಿದೆ. ನಮ್ಮ ಬೀದಿಯಲ್ಲಿ ‘ಕಡಿಮೆ ಆದಾಯ’ದ ಮನೆಗಳು ಅರ್ಧಕ್ಕರ್ಧ ಮೂರು ಅಂತಸ್ತಾಗಿವೆ, ಕೆಳಗೆ ಕಾರು ನಿಂತಿದೆ. ಎದುರು ಮನೆ ಅಂಕಲ್ ಈಗಲೂ “ನಾವು ಎಲ್‌ಐಜಿ ಜನ ಕಣಮ್ಮ” ಅಂತಾರೆ. ಅವರ ಮಗ ಇರೋದು ಅಮೆರಿಕದಲ್ಲಿ. ಅಂಕಲ್ ರಿಟೈರ್ ಆಗಿದ್ದು ಹತ್ತಿರದ ರೈಲು ಗಾಲಿ ಕಾರ್ಖಾನೆಯಿಂದ. ಹಳಬರು ಅದನ್ನು ಇನ್ನೂ ‘ವೀಲ್ ಅಂಡ್ ಆಕ್ಸಲ್’ ಅಂತಲೇ ಕರೆಯೋದು.

ಇನ್ನೊಂದು ಪಕ್ಕ ವಾಯುಪಡೆಯ ನೆಲೆ. ಎರಡು ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ ಏರೋ ಇಂಡಿಯಾ ನಡೆಯುವಾಗ ತಲೆ ಮೇಲೆ ವಿಮಾನ ಹಾರಿದರೆ ಅಡುಗೆಮನೆಯ ಸ್ಟೀಲ್ ತಟ್ಟೆ ಸದ್ದು ಮಾಡುತ್ತವಂತೆ. ಆ ದಿನಗಳಲ್ಲಿ ಹದ್ದು ಬರಬಾರದು ಅಂತ ಸುತ್ತಮುತ್ತ ಮಾಂಸದ ಅಂಗಡಿಗಳನ್ನೂ ಮುಚ್ಚಿಸುತ್ತಾರೆ. ಮನೆ ನೋಡಲು ಹೋದಾಗ ಬ್ರೋಕರ್ ಇದ್ಯಾವುದನ್ನೂ ಹೇಳಲಿಲ್ಲ. ಮೆಟ್ರೋ ಬಂದರೆ ರೇಟು ಎಷ್ಟಾಗುತ್ತದೆ ಅನ್ನೋದನ್ನು ಮಾತ್ರ ನಾಲ್ಕು ಸಲ ಹೇಳಿದರು.

ಅವರು ಹೇಳಿದ ಇನ್ನೊಂದು ಮಾತು: “ಪಕ್ಕಾ ಈಸ್ಟ್ ಫೇಸಿಂಗ್ ಮೇಡಂ, ಡೀಡಲ್ಲೇ ಇದೆ.” ಹೌದು, ಕ್ರಯಪತ್ರದ ಜೆರಾಕ್ಸಿನಲ್ಲಿ ‘ಪೂರ್ವಕ್ಕೆ ರಸ್ತೆ’ ಅಂತಲೇ ಇತ್ತು. ನಾವು ಮನೆ ನೋಡಿದ್ದು ಮಟಮಟ ಮಧ್ಯಾಹ್ನ, ನೆರಳೇ ಇರಲಿಲ್ಲ. ದಿಕ್ಕು ಯಾರಿಗೆ ಗೊತ್ತಾಗುತ್ತದೆ? ಒಳ್ಳೇ ಮನೆ ಕೈ ತಪ್ಪಿ ಹೋಗುತ್ತದೆ ಎಂದು 2 ಲಕ್ಷ ಟೋಕನ್ ಕೊಟ್ಟು ಬಂದೆವು. ಮುಂದಿನ ಭಾನುವಾರ ಅತ್ತೆಯನ್ನು ಕರೆದುಕೊಂಡು ಹೋದೆವು. ಸಂಜೆ ಐದು ಗಂಟೆ. ಅತ್ತೆ ಹೊಸ್ತಿಲ ಹತ್ತಿರ ನಿಂತು ಒಳಗೆ ನೋಡಿದರು. ಬಾಗಿಲಿನಿಂದ ಬಂದ ಬಿಸಿಲು ಹಾಲಿನ ಮೊಸಾಯಿಕ್ ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. “ಸಂಜೆ ಬಿಸಿಲು ಬಾಗಿಲಲ್ಲಿ ಬರ್ತಿದೆ. ಇದ್ಯಾವ ಊರಿನ ಪೂರ್ವ ಅಮ್ಮಾ?” ಅಂದರು.

ಬ್ರೋಕರ್ ನಕ್ಕರು. ನಾವೂ ನಕ್ಕೆವು. ಅದು ನಗುವ ವಿಷಯ ಅಲ್ಲ ಅಂತ ತಿಳಿಯಲು ಒಂದೂವರೆ ತಿಂಗಳು ಬೇಕಾಯಿತು. ಸದ್ಯಕ್ಕೆ ಆದ ಲಾಭ ಇಷ್ಟು: ಪಶ್ಚಿಮದ ಬಾಗಿಲು ಅಂತ ಅತ್ತೆ ಹಟ ಹಿಡಿದು 98 ಲಕ್ಷ ಇದ್ದಿದ್ದನ್ನು 96 ಮಾಡಿಸಿದರು.

ಆಮೇಲೆ ಇಸಿ, ಅಂದರೆ ಋಣಭಾರ ಪತ್ರ: ಆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ. ಇದನ್ನು ಟೋಕನ್ ಕೊಡುವ ಮೊದಲು ತೆಗೆಸಬೇಕು. ನಾವು ಆಮೇಲೆ ತೆಗೆಸಿದೆವು. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಹಾಕಬಹುದು. ಗೃಹ ಮಂಡಳಿಯ ಮನೆ ನಂಬರ್ ಕೊಟ್ಟು ಹುಡುಕಿಸಿದೆ. ನಮೂನೆ 16 ಬಂತು. ಅಂದರೆ ‘ಯಾವ ವ್ಯವಹಾರವೂ ಇಲ್ಲ’. ನಮ್ಮವರಿಗೆ ಫೋನ್ ಮಾಡಿ ಕ್ಲೀನ್ ಇದೆ ಅಂತ ಖುಷಿಯಿಂದ ಹೇಳಿದೆ.

ವಕೀಲರಮ್ಮ ಆ ಹಾಳೆ ನೋಡಿ ಕನ್ನಡಕ ತೆಗೆದಿಟ್ಟರು. “2006ರ ಕ್ರಯಪತ್ರ ಕೈಲಿಟ್ಕೊಂಡಿದ್ದೀರಿ. ಅದೇ ಇಸಿಲಿ ಇಲ್ಲ ಅಂದ್ರೆ ಮನೆ ಸರಿ ಇದೆ ಅಂತಲ್ಲ. ನೀವು ಹುಡುಕಿದ್ದು ಸರಿ ಇಲ್ಲ ಅಂತ.”

ವಿಷಯ ಏನಂದರೆ ಈ ಮನೆಗೆ ಮೂರು ನಂಬರ್ ಇವೆ. ಗೃಹ ಮಂಡಳಿ ಹಂಚಿದಾಗ ಕೊಟ್ಟಿದ್ದು ಒಂದು. ಯಲಹಂಕ ನಗರಸಭೆ ಇದ್ದಾಗ ಖಾತೆಗೆ ಕೊಟ್ಟಿದ್ದು ಇನ್ನೊಂದು. 2007ರಲ್ಲಿ ನಗರಸಭೆ ಬಿಬಿಎಂಪಿಗೆ ಸೇರಿದ ಮೇಲೆ ಬಂದಿದ್ದು ಮತ್ತೊಂದು. 2006ರ ಪತ್ರ ಖಾತೆ ನಂಬರಿನಲ್ಲಿ ನೋಂದಣಿ ಆಗಿತ್ತು. ಹೊರವಲಯದ ಹಳೇ ಬಡಾವಣೆಗಳಲ್ಲಿ ಇದು ಮಾಮೂಲಂತೆ. ಎಲ್ಲ ನಂಬರಿನಲ್ಲೂ ಬೇರೆ ಬೇರೆಯಾಗಿ ಇಸಿ ಹಾಕಿ. ದುಡ್ಡು ಸ್ವಲ್ಪ ಜಾಸ್ತಿ ಹೋದರೂ ಹೋಗಲಿ.

2004ಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗಬೇಕು. ನಮೂನೆ 22 ತುಂಬಿ ಕೊಟ್ಟರೆ ಹಳೇ ದಪ್ಪ ಪುಸ್ತಕ ತೆಗೆದು ಹುಡುಕುತ್ತಾರೆ. ನನಗೆ ನಾಲ್ಕು ಸಲ ಓಡಾಟ ಆಯಿತು. ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಹುಡುಕುವವರೇ ರಜೆ. ಬೆಳಗ್ಗೆ ಹತ್ತೂವರೆಗೆ ಮೊದಲು ಹೋಗಿ ಏನೂ ಪ್ರಯೋಜನ ಇಲ್ಲ, ಹನ್ನೊಂದೂವರೆ ಆದ ಮೇಲೆ ಹೋದರೆ ನಿಮ್ಮ ಸರದಿ ಮಧ್ಯಾಹ್ನ ಊಟದ ಆಚೆಗೆ.

ಕೊನೆಗೆ ಬಂದ ಹಾಳೆಗಳನ್ನು ಡೈನಿಂಗ್ ಟೇಬಲ್ ಮೇಲೆ ಸಾಲಾಗಿ ಹರಡಿದೆ. 1984: ಗೃಹ ಮಂಡಳಿಯಿಂದ ಹಂಚಿಕೆ, ಗುತ್ತಿಗೆ ಸಹಿತ ಮಾರಾಟದ ಕರಾರು. 1995: ಕಂತು ಪೂರ್ತಿ ತೀರಿದ ಮೇಲೆ ಶುದ್ಧ ಕ್ರಯಪತ್ರ. 1998: ಮೊದಲನೆಯವರಿಂದ ಎರಡನೆಯವರಿಗೆ ಮಾರಾಟ, 3 ಲಕ್ಷ 40 ಸಾವಿರ. 2001: ಎರಡನೆಯವರು ಒಂದು ಬ್ಯಾಂಕಿಗೆ ಬರೆದುಕೊಟ್ಟ ಆಧಾರ ಪತ್ರ, ಅಂದರೆ ಸಾಲಕ್ಕೆ ಮನೆ ಅಡವಿಟ್ಟ ದಾಖಲೆ. 2006: ಮೂರನೆಯವರಿಗೆ ಮಾರಾಟ, 14 ಲಕ್ಷ. ಅಲ್ಲಿಗೆ ಮುಗಿಯಿತು. 2001ರ ಸಾಲ ತೀರಿದ್ದಕ್ಕೆ ಎಲ್ಲೂ ಒಂದು ಸಾಲು ಇಲ್ಲ.

ಬೆಲೆ ನೋಡಿ ಮೋಸ ಹೋಗಬೇಡಿ. 14 ಲಕ್ಷ ಅನ್ನೋದು ಬರೆದ ಬೆಲೆ. ಎದುರು ಮನೆ ಅಂಕಲ್ ಪ್ರಕಾರ ಕೈ ಬದಲಾದದ್ದು 22. ದೇವನಹಳ್ಳಿ ಹತ್ತಿರ ಏರ್‌ಪೋರ್ಟ್ ಕೆಲಸ ಶುರುವಾಗಿ ಈ ಕಡೆಯ ರೇಟೆಲ್ಲ ಏರುತ್ತಿದ್ದ ಕಾಲ ಅದು. ಪತ್ರದಲ್ಲಿ ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ದರಕ್ಕೆ ತಕ್ಕಷ್ಟು ಬರೆಯುತ್ತಿದ್ದರು. ಹಳೇ ಕ್ರಯಪತ್ರದ ಮೊತ್ತ ಇಟ್ಟುಕೊಂಡು ಚೌಕಾಸಿ ಮಾಡಲು ಹೋದರೆ ನಗುತ್ತಾರೆ.

ನನಗೆ ಇಷ್ಟವಾಗಿದ್ದು ಚೆಕ್ಕುಬಂದಿ. ಪ್ರತಿ ಪತ್ರದ ಕೊನೆಯಲ್ಲಿ ನಾಲ್ಕು ದಿಕ್ಕಿಗೆ ಏನಿದೆ ಅಂತ ನಾಲ್ಕು ಸಾಲು ಇರುತ್ತದಲ್ಲ, ಅದನ್ನು ಒಂದರ ಕೆಳಗೊಂದು ಓದಿದರೆ ಬೀದಿ ಬೆಳೆದದ್ದು ಕಾಣುತ್ತದೆ. 1995ರಲ್ಲಿ ‘ಉತ್ತರಕ್ಕೆ ಉದ್ಯಾನಕ್ಕೆ ಬಿಟ್ಟ ಜಾಗ’. 1998ರಲ್ಲಿ ‘ಉತ್ತರಕ್ಕೆ ಖಾಲಿ ಜಾಗ’. 2006ರಲ್ಲಿ ‘ಉತ್ತರಕ್ಕೆ ಗಣಪತಿ ದೇವಸ್ಥಾನ’. ಉದ್ಯಾನ ಹೇಗೆ ಖಾಲಿ ಜಾಗವಾಗಿ, ಖಾಲಿ ಜಾಗ ಹೇಗೆ ಗುಡಿಯಾಯಿತು ಅಂತ ಯಾವ ಕಾಗದದಲ್ಲೂ ಇಲ್ಲ. ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಈಗ ಬೆಳಗ್ಗೆ ಆರಕ್ಕೆ ಮೈಕಿನಲ್ಲಿ ಸುಪ್ರಭಾತ.

ಹಾಗೆ ಓದುವಾಗಲೇ ಕಣ್ಣಿಗೆ ಬಿದ್ದಿದ್ದು. 1995 ಮತ್ತು 1998ರ ಪತ್ರದಲ್ಲಿ ‘ಪಶ್ಚಿಮಕ್ಕೆ ರಸ್ತೆ’. 2006ರದ್ದರಲ್ಲಿ ‘ಪೂರ್ವಕ್ಕೆ ರಸ್ತೆ’. ಟೈಪ್ ಮಾಡಿದವರು ಎರಡು ಸಾಲು ಅದಲು ಬದಲು ಮಾಡಿದ್ದರು. ಅತ್ತೆ ಹೇಳಿದ್ದು ಸರಿ. ಅದೇ ವಾರ ನಮಗೆ ಸಾಲ ಕೊಡುವ ಬ್ಯಾಂಕಿನ ಎಂಜಿನಿಯರ್ ಮೊಬೈಲ್ ದಿಕ್ಸೂಚಿ ಹಿಡಿದು ಬಂದು, ಅದನ್ನೇ ವರದಿಯಲ್ಲಿ ಬರೆದು ಹೋದರು. ಸಾಲ ನಿಂತಿತು. ಎರಡು ಷರತ್ತು ಬಂತು: 2001ರ ಆಧಾರಕ್ಕೆ ಬಿಡುಗಡೆ ಪತ್ರ ಬೇಕು, 2006ರ ಕ್ರಯಪತ್ರಕ್ಕೆ ತಿದ್ದುಪಡಿ ಪತ್ರ ಬೇಕು.

ಹತ್ತೊಂಬತ್ತು ವರ್ಷ ಯಾರೂ ಇದನ್ನು ನೋಡಲಿಲ್ವಾ ಅಂತ ನಾನು ರೇಗಿದೆ. ವಕೀಲರಮ್ಮ ತಣ್ಣಗೆ ಹೇಳಿದರು: ಮೂರನೆಯವರು ಕೈದುಡ್ಡು ಕೊಟ್ಟು ಕೊಂಡಿದ್ದು, ಬ್ಯಾಂಕ್ ಸಾಲ ಇಲ್ಲ. ಸಾಲ ಇಲ್ಲದೆ ಕೊಂಡ ಮನೆಯ ಕಾಗದವನ್ನು ಹೊರಗಿನವರು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ನೀವು ನೋಡುತ್ತಿರುವ ಮನೆಗೆ ಹಿಂದೆ ಯಾವತ್ತಾದರೂ ಹೋಮ್ ಲೋನ್ ಆಗಿತ್ತಾ ಅಂತ ಕೇಳಿ. ಆಗಿದ್ದರೆ ಅಷ್ಟರಮಟ್ಟಿಗೆ ನೆಮ್ಮದಿ.

ತಿದ್ದುಪಡಿ ಪತ್ರಕ್ಕೆ ಮೂಲ ಪತ್ರದ ಎರಡೂ ಕಡೆಯವರ ಸಹಿ ಬೇಕು. ಕೊಂಡವರು, ಅಂದರೆ ಮೂರನೆಯವರು, 2021ರಲ್ಲಿ ತೀರಿಕೊಂಡಿದ್ದರು. ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಈಗ ನಮಗೆ ಮಾರುವವರು. ಅದು ಸರಿ. ಮಾರಿದ ಎರಡನೆಯವರು ಎಲ್ಲಿ? ಮಾರುವವರಿಗೆ ಗೊತ್ತಿಲ್ಲ. ಪತ್ರದಲ್ಲಿದ್ದ ವಿಳಾಸ ಇದೇ ಮನೆಯದು! ಬ್ರೋಕರ್ ಫೋನ್ ಎತ್ತುವುದನ್ನೇ ಬಿಟ್ಟರು.

ಆ ವಾರ ನಾನು ನಿದ್ದೆ ಮಾಡಲಿಲ್ಲ. ಅಷ್ಟರಲ್ಲಿ ಒಟ್ಟು 10 ಲಕ್ಷ ಕೊಟ್ಟು ಕರಾರು ಮಾಡಿಕೊಂಡಾಗಿತ್ತು. ನಮ್ಮವರು ಏನೂ ಮಾತಾಡದೆ ಟಿವಿ ನೋಡುತ್ತಿದ್ದರು. ಅದೇ ಜಾಸ್ತಿ ಸಿಟ್ಟು ಬರಿಸುತ್ತಿತ್ತು.

ಕೊನೆಗೆ ಸುಮ್ನೆ ಬೀದಿಗೆ ಹೋಗಿ ಕೇಳಿದೆ. ಎದುರು ಮನೆ ಅಂಕಲ್‌ಗೆ ಎರಡನೆಯವರ ನೆನಪಿತ್ತು, ಊರು ನೆನಪಿರಲಿಲ್ಲ. ದೇವಸ್ಥಾನದ ಪಕ್ಕ ಇಸ್ತ್ರಿ ಗಾಡಿ ಇಟ್ಟುಕೊಂಡಿರುವವರನ್ನು ಕೇಳಿ ಅಂದರು. ಅವರು ಇಪ್ಪತ್ತೈದು ವರ್ಷದಿಂದ ಅಲ್ಲೇ ಇದ್ದಾರೆ. ಇದ್ದಿಲಿನ ಪೆಟ್ಟಿಗೆಯನ್ನು ಒಂದು ಬದಿಗೆ ನಿಲ್ಲಿಸಿ, ಪ್ಯಾಂಟಿನ ಮಡಿಕೆ ಬೆರಳಲ್ಲಿ ತೀಡುತ್ತಾ ಯೋಚಿಸಿದರು. “ದಪ್ಪ ಮೀಸೆ ಸಾರ್ ಅಲ್ವಾ? ಮಗಳ ಮದುವೆಗೆ ಸಾಲ ಮಾಡಿದ್ರು. ತೀರಿಸಿದ ದಿನ ಇಲ್ಲೇ ನಿಂತು ಎಲ್ಲಾರ್ಗೂ ಬಾದಾಮಿ ಹಾಲು ಕುಡಿಸಿದ್ರು. ತುಮಕೂರಲ್ಲಿ ಅವ್ರೆ. ಅಳಿಯ ಈಗ್ಲೂ ಈ ಕಡೆ ಬತ್ತಾರೆ.” ಅಳಿಯನ ನಂಬರ್ ಅವರ ಮೊಬೈಲಿನಲ್ಲೇ ಇತ್ತು.

ಆಗಸ್ಟ್ ಎರಡನೇ ಭಾನುವಾರ ತುಮಕೂರಿಗೆ ಹೋದೆವು. ಮೀಸೆ ಬೆಳ್ಳಗಾಗಿತ್ತು, ದಪ್ಪ ಹಾಗೇ ಇತ್ತು. ಅನುಮಾನದಿಂದಲೇ ಮಾತಾಡಿಸಿದರು. ಸಹಜ ತಾನೇ? ಇಪ್ಪತ್ತು ವರ್ಷದ ಹಿಂದೆ ಮಾರಿದ ಮನೆ ಬಗ್ಗೆ ಯಾರೋ ಬಂದು ಸಹಿ ಹಾಕಿ ಅಂದರೆ ನಾನಾದರೂ ಬಾಗಿಲು ತೆಗೆಯುತ್ತಿರಲಿಲ್ಲ. 2006ರ ಪತ್ರ ಮುಂದಿಟ್ಟು ಪೂರ್ವ–ಪಶ್ಚಿಮ ತೋರಿಸಿದೆವು. ಬೆರಳಿಟ್ಟು ಓದಿದರು. “ಥೂ, ಸೂರ್ಯ ಮುಳುಗೋ ಕಡೆ ಬಾಗ್ಲು ಅದು. ನಾನೂ ನೋಡದೆ ಸೈನ್ ಹಾಕಿದೀನಿ” ಅಂದರು. ಒಳಗೆ ಹೋಗಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ತಂದರು. ಅದರಲ್ಲಿ ಸಾಲದ ಪಾಸ್‌ಬುಕ್ಕು, ಕೊನೆಯ ಕಂತಿನ ಚಲನ್, ‘ಬಾಕಿ ಇಲ್ಲ’ ಎಂಬ ಬ್ಯಾಂಕಿನ ಪತ್ರ, ಮೂರೂ ಇದ್ದವು. ನೇರಳೆ ಮೊಹರು ಮಾಸಿತ್ತು, ದಿನಾಂಕ ಓದಲು ಬರುತ್ತಿತ್ತು. ಪತ್ರ ಇಟ್ಟುಕೊಂಡಿದ್ದರು, ಬಿಡುಗಡೆಯನ್ನು ನೋಂದಣಿ ಮಾಡಿಸಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಆದರೆ ಆ ಹೆಸರಿನ ಬ್ಯಾಂಕೇ ಈಗ ಇಲ್ಲ. ನಮ್ಮ ಕಡೆಯ ಬ್ಯಾಂಕುಗಳು ಒಂದರಲ್ಲೊಂದು ಸೇರಿಹೋದವಲ್ಲ, ಇದೂ ಅದರಲ್ಲಿ ಹೋಗಿತ್ತು. ಸೇರಿಸಿಕೊಂಡ ಬ್ಯಾಂಕಿನ ಶಾಖೆಯವರು ‘ನಮ್ಮ ಸಿಸ್ಟಮ್‌ನಲ್ಲಿ ಈ ಅಕೌಂಟೇ ತೋರಿಸ್ತಿಲ್ಲ’ ಎಂದು ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಬಾಯಿಮಾತು ಬಿಟ್ಟು, ಎಲ್ಲ ದಾಖಲೆಯ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡೆವು. ಆಮೇಲೆ ಫೈಲು ಪ್ರಾದೇಶಿಕ ಕಚೇರಿಗೆ ಹೋಯಿತು. ಬಿಡುಗಡೆ ಪತ್ರ ಬಂದು ನೋಂದಣಿ ಆಗಿದ್ದು ಅಕ್ಟೋಬರ್ ಕೊನೆಗೆ. ಈಗ ಸಾಲ ತೀರಿಸುವವರಿಗೆ ಅನುಕೂಲ ಇದೆ: 2023ರ ಡಿಸೆಂಬರ್ 1ರಿಂದ ಈಚೆಗೆ ಮುಗಿದ ಸಾಲಗಳಿಗೆ 30 ದಿನದೊಳಗೆ ಮೂಲ ದಾಖಲೆ ವಾಪಸ್ ಕೊಡಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ.

ಈ ಮಧ್ಯೆ ಇನ್ನೊಂದು ಪೆಟ್ಟು ಬಿತ್ತು. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತು. ಎಲ್ಲ ಸರಿ ಇದ್ದಿದ್ದರೆ ನಮ್ಮದು ಆಗಸ್ಟ್‌ನಲ್ಲೇ ಮುಗಿಯಬೇಕಿತ್ತು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಶೇ 5.6, ಅಂದರೆ 5,37,600. ನೋಂದಣಿ 96,000 ಆಗಬೇಕಿದ್ದದ್ದು 1,92,000. ಒಟ್ಟು 7,29,600 ಕಟ್ಟಿದೆವು. ಯಾರೋ 2006ರಲ್ಲಿ ಎರಡು ಸಾಲು ಅದಲು ಬದಲು ಮಾಡಿದ್ದಕ್ಕೆ, ಯಾರೋ ಒಂದು ಬಿಡುಗಡೆ ಪತ್ರ ಮರೆತಿದ್ದಕ್ಕೆ 96,000. ನಮ್ಮ ಫ್ರಿಜ್ಜು, ವಾಷಿಂಗ್ ಮಷೀನು ಎರಡೂ ಅಲ್ಲೇ ಹೋದವು.

ನವೆಂಬರ್‌ನಲ್ಲಿ ತಿದ್ದುಪಡಿ ಪತ್ರ. ತುಮಕೂರಿನ ಯಜಮಾನರನ್ನು ಕಾರಿನಲ್ಲಿ ಕರೆದುಕೊಂಡು ಬಂದೆವು. ಸಹಿ ಆದ ಮೇಲೆ ಮನೆ ನೋಡಬೇಕು ಅಂದರು. ಗೇಟಿನ ಒಳಗೆ ನಿಂತು ಕಾರು ನಿಲ್ಲಿಸುವ ಟೈಲ್ಸ್ ಜಾಗವನ್ನೇ ನೋಡಿದರು. “ಇಲ್ಲೊಂದು ಸೀಬೆ ಮರ ಇತ್ತು” ಅಂದರು. ಒಳಗೆ ಬರಲಿಲ್ಲ. ಇಸ್ತ್ರಿ ಗಾಡಿ ಹತ್ತಿರ ಹೋಗಿ ಅರ್ಧ ಗಂಟೆ ಮಾತಾಡಿ ಕಾರು ಹತ್ತಿದರು. ದುಡ್ಡು ಕೊಡಲು ಹೋದರೆ ಬೈದರು.

ಇ-ಖಾತೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನಲ್ಲಿ ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ, ಅದೂ ಮಾರುವವರ ಹೆಸರಿನಲ್ಲೇ ಇರಬೇಕು. ಇಲ್ಲಿ ಖಾತೆ ತೀರಿಹೋದವರ ಹೆಸರಲ್ಲಿತ್ತು. ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ನಾಲ್ಕೂ ವಾರಸುದಾರರ ಆಧಾರ್ ಕೊಟ್ಟು ಬದಲಾಯಿಸಬೇಕಾಯಿತು. ಒಬ್ಬರ ಇನಿಷಿಯಲ್ ಒಂದೊಂದು ಕಡೆ ಒಂದೊಂದು ಥರ, ಅದಕ್ಕೊಂದು ಅಫಿಡವಿಟ್ಟು. ಅರ್ಜಿ ಹಾಕುವ ಹೊತ್ತಿಗೆ ಬಿಬಿಎಂಪಿ ಐದು ಪಾಲಿಕೆಗಳಾಗಿತ್ತು. ಯಲಹಂಕ ಈಗ ಬೆಂಗಳೂರು ಉತ್ತರ ನಗರ ಪಾಲಿಕೆ. ನಾಲ್ಕನೇ ನಂಬರ್ ಬರುತ್ತದೇನೋ ಅಂತ ನನಗೆ ಎದೆ ಹೊಡೆದುಕೊಂಡಿತು. ಬರಲಿಲ್ಲ.

ಟಿಡಿಎಸ್, ಅಂದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಹಿಡಿದು ಕಟ್ಟುವ ತೆರಿಗೆ, ಅದರ ಬಗ್ಗೆ ಮಾತ್ರ ಗಮನ ಇಡಿ. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿಗೆ ಕೊಳ್ಳುವವರೇ ಶೇ 1 ಹಿಡಿದು ಕಟ್ಟಬೇಕು. ಒಬ್ಬೊಬ್ಬರ ಪಾಲು ಕಡಿಮೆ ಇದ್ದರೂ ಲೆಕ್ಕಕ್ಕೆ ಬರುವುದು ಒಟ್ಟು ಬೆಲೆ. ನಾವು ಕಟ್ಟುವಾಗ ಅದಕ್ಕಿದ್ದ ಫಾರಂ 26ಕ್ಯೂಬಿಯನ್ನು ಕೊಳ್ಳುವ ಪ್ರತಿಯೊಬ್ಬರೂ ಮಾರುವ ಪ್ರತಿಯೊಬ್ಬರಿಗೂ ಬೇರೆ ಬೇರೆ ತುಂಬಬೇಕಿತ್ತು. ನಾವು ಇಬ್ಬರು, ಅವರು ನಾಲ್ವರು: ಎಂಟು ಫಾರಂ, ಒಂದೊಂದಕ್ಕೆ 12,000. ತುಂಬುವ ಹಿಂದಿನ ದಿನ ಗೊತ್ತಾಯಿತು, ಮಗಳ ಪ್ಯಾನ್‌ಗೆ ಆಧಾರ್ ಲಿಂಕ್ ಆಗಿಲ್ಲ. ಹಾಗಿದ್ದರೆ ಅವರ ಪಾಲಿಗೆ ಶೇ 1 ಅಲ್ಲ, ಶೇ 20 ಹಿಡಿಯಬೇಕು. 24 ಲಕ್ಷಕ್ಕೆ 4 ಲಕ್ಷ 80 ಸಾವಿರ! 1,000 ರೂಪಾಯಿ ದಂಡ ಕಟ್ಟಿ ಲಿಂಕ್ ಮಾಡಿಸಿ, ಅದು ಅಪ್‌ಡೇಟ್ ಆಗುವವರೆಗೆ ಕಾದೆವು. ಕರಾರು ಮಾಡುವ ದಿನವೇ ಎಲ್ಲರ ಪ್ಯಾನ್ ಪರೀಕ್ಷಿಸಿ.

ಅಷ್ಟರಲ್ಲಿ ಧನುರ್ಮಾಸ ಬಂತು. ಅತ್ತೆ ಸಂಕ್ರಾಂತಿ ಕಳೆಯಲಿ ಅಂದರು. ಏಳು ತಿಂಗಳು ಕಾದವರಿಗೆ ಇನ್ನೊಂದು ತಿಂಗಳು ಯಾವ ಲೆಕ್ಕ?

ಜಿಲ್ಲೆಯೊಳಗೆ ಯಾವ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಾದರೂ ನೋಂದಣಿ ಮಾಡಿಸಬಹುದು. ಜನ ಕಡಿಮೆ ಇರುವ ಕಡೆ ಸ್ಲಾಟ್ ತೆಗೆದುಕೊಂಡೆವು. ಹನ್ನೊಂದೂವರೆ ಸ್ಲಾಟಿಗೆ ಕರೆದಿದ್ದು ಎರಡು ಗಂಟೆಗೆ. ಮಾರುವ ಅಮ್ಮನವರ ಹೆಬ್ಬೆಟ್ಟು ಯಂತ್ರ ತೆಗೆದುಕೊಳ್ಳಲಿಲ್ಲ. ಪಾತ್ರೆ ತಿಕ್ಕಿ ತಿಕ್ಕಿ ಗೆರೆ ಸವೆದಿದ್ದವು. ಒರೆಸಿ, ಒತ್ತಿ, ಮತ್ತೆ ಒರೆಸಿ, ಆರನೇ ಸಲಕ್ಕೆ ಹಸಿರು ದೀಪ ಬಂತು. ಅವರು ಬೆರಳನ್ನು ಸೆರಗಿನಲ್ಲಿ ಒತ್ತಿಕೊಂಡು ಸುಮ್ಮನೆ ಕೂತರು. ನಾನು ಪತ್ರದ ಕೊನೇ ಪುಟ ತೆಗೆದು ಮತ್ತೊಮ್ಮೆ ಓದಿದೆ. ಪಶ್ಚಿಮಕ್ಕೆ ರಸ್ತೆ.

ಖಾತೆ ನಮ್ಮ ಹೆಸರಿಗೆ ಆಗಲು ಅರ್ಜಿ ಹಾಕಿದ್ದೇವೆ. ಕರೆಂಟ್ ಬಿಲ್ಲಿನ ಹೆಸರೂ ಇನ್ನೂ ಬದಲಾಗಿಲ್ಲ. ಮೊನ್ನೆ ಮೀಟರ್ ಓದುವ ಹುಡುಗ ಗೇಟಿನ ಹತ್ತಿರ ನಿಂತು, ತೀರಿಹೋದ ಮೂರನೆಯವರ ಹೆಸರು ಹಿಡಿದು “ಮನೇಲಿದ್ದಾರಾ?” ಅಂತ ಕೂಗಿದ. ನಾನು ಒಗ್ಗರಣೆ ಇಳಿಸಿ “ಬಂದೆ” ಅಂದೆ.